ಮಾದರಿ ಗ್ರಾಮದ ಕುರ್ಚಿ

ನಮ್ಮೂರಿಗೆ ಬರಬೇಕಾಗಿದ್ದ ಹೆರಿಗೆ ನರ್ಸು ಹತ್ತು ನಿಮಿಷದಲ್ಲಿ ತಪ್ಪಿಹೋದಳು. ಹತ್ತು ನಿಮಿಷಕ್ಕಿಂತ ಹೆಚ್ಚಿನ ತಪ್ಪು ನನ್ನದು.

ಗುಡ್ಡದ ನೆತ್ತಿಯಲ್ಲಿರುವುದರಿಂದ ನಮ್ಮದನ್ನು ಮೇಲಿನೂರು ಎನ್ನುತ್ತಾರೆ. ಎತ್ತರವೊಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಕೆಳಗಿನೂರೇ ನಮಗಿಂತ ಮೇಲೆ. ಅಲ್ಲಿ ಬಸ್ಸು ನಿಲ್ಲುತ್ತದೆ, ಬ್ಯಾಂಕಿದೆ, ಎರಡು ಶಾಲೆಗಳಿವೆ, ಆರು ಹಾಸಿಗೆಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸು ಇದ್ದಾರೆ. ನಮಗೂ ಸರ್ಕಾರ ಏನೂ ಕೊಟ್ಟಿಲ್ಲವೆಂದರೆ ಸುಳ್ಳಾಗುತ್ತದೆ. ಹದಿನಾಲ್ಕು ವರ್ಷದ ಹಿಂದೆ ಆರೋಗ್ಯ ಕೊಠಡಿ ಕಟ್ಟಿಸಿ, ಬಣ್ಣ ಬಳಿಸಿ, ಬೋರ್ಡು ಹಾಕಿಸಿ, ಬೀಗ ಜಡಿದು ಬೀಗದ ಕೈ ನಮಗೇ ಕೊಟ್ಟು ಹೋದರು. ಒಳಗೆ ಕೂರುವ ಮನುಷ್ಯರನ್ನು ಕಳಿಸುವುದೊಂದು ಮರೆತುಹೋಯಿತು. ಹಾಗೆಯೇ ತೊಟ್ಟಿ ಕಟ್ಟಿ, ಪೈಪು ಹಾಕಿ, ನಾಲ್ಕು ನಲ್ಲಿ ಕೂರಿಸಿದರು. ಅವುಗಳಲ್ಲಿ ಒಂದು ದಿನವೂ ನೀರು ಬರಲಿಲ್ಲವಾದ್ದರಿಂದ ವರ್ಷಗಟ್ಟಲೆ ಹೊಸದಾಗಿಯೇ ಹೊಳೆಯುತ್ತಿದ್ದವು.

ಅಧಿಕಾರಿಗಳು ಕೆಟ್ಟವರಲ್ಲ. ಅವರ ಜೀಪು ಕೆಳಗಿನೂರಿನ ಆಲದ ಮರದವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಕಾಲುದಾರಿ. ಜೀಪಿನ ಕಿಟಕಿಯಿಂದ ಕಂಡ ಕಷ್ಟಕ್ಕೆ ಅವರು ಪರಿಹಾರ ಮಾಡಿಯೇ ಹೋಗುತ್ತಿದ್ದರು. ನಮ್ಮ ಕಷ್ಟಕ್ಕೆ ಗುಡ್ಡ ಅಡ್ಡವಾಗಿತ್ತು, ಅಷ್ಟೆ.

ನಾನು ಇಲ್ಲಿನ ಒಂದು ಕೋಣೆಯ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಪಾಠ ಮಾಡಿದೆ. ಊರಿನವರೆಲ್ಲ ನನ್ನನ್ನು ಟೀಚರಮ್ಮ ಎನ್ನುತ್ತಾರೆ. ನನ್ನ ತಮ್ಮ ದರ್ಜಿ. ಊರಿನಲ್ಲಿ ಯಾರು ಬಸಿರಾಗಿದ್ದಾರೆ ಎಂಬುದು ಗಂಡಂದಿರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ. ಹೆಂಗಸರು ಸೊಂಟದ ಹೊಲಿಗೆ ಬಿಚ್ಚಿ ಬಟ್ಟೆ ಸಡಿಲ ಮಾಡಿಸಿಕೊಳ್ಳಲು ಬರುವುದು ಅವನ ಬಳಿಗೇ ತಾನೆ. ನರ್ಸು ತಪ್ಪಿಹೋದ ಆ ವರ್ಷ ಅವನ ಮಗಳೇ ಬಟ್ಟೆ ತಂದುಕೊಟ್ಟಳು. ಅವನು ಹೊಲಿಗೆ ಬಿಚ್ಚಿಕೊಟ್ಟ. ಸಂಜೆ ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತ.

"ಅಕ್ಕಾ, ಮಗುಗೆ ನಾಲ್ಕು ತಿಂಗಳು," ಎಂದ. ಇಪ್ಪತ್ತನಾಲ್ಕು ವರ್ಷದ ಮಗಳನ್ನು ಅವನು ಆಗಲೂ ಮಗು ಎಂದೇ ಕರೆಯುತ್ತಿದ್ದ.

ಒಳ್ಳೆಯ ಸುದ್ದಿಯನ್ನು ಅವನು ಯಾಕೆ ಹಾಗೆ ಹೇಳಿದ ಎಂದು ನನಗೆ ಗೊತ್ತಿತ್ತು. ಆ ಮಗಳು ಹುಟ್ಟಿದ ದಿನ ಅವಳ ತಾಯಿಗೆ ರಕ್ತ ನಿಲ್ಲಲಿಲ್ಲ. ಅವನ ಅಂಗಡಿಯ ಕೈಯಿರುವ ಮರದ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅದರಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ಇಳಿದರು. ಆಲದ ಮರ ಕಾಣುವ ತಿರುವಿನಲ್ಲಿ ಅವಳು, "ಸ್ವಲ್ಪ ಇಳಿಸಿ, ನಿಮಗೂ ಸುಸ್ತಾಗಿರುತ್ತೆ," ಎಂದಳಂತೆ. ಅದೇ ಕೊನೆಯ ಮಾತು. ಮಗುವನ್ನು ಬೆಳೆಸಿದವಳು ನಾನು. ಕುರ್ಚಿ ಮಾತ್ರ ಇವತ್ತಿಗೂ ಅಂಗಡಿಯಲ್ಲಿದೆ. ನಮ್ಮೂರಿನ ಆಂಬ್ಯುಲೆನ್ಸ್ ಎಂದರೆ ಅದೇ. ಯಾರಿಗಾದರೂ ಹೆಚ್ಚುಕಡಿಮೆಯಾದರೆ ಬಂದು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ಒರೆಸಿ ತಂದಿಡುತ್ತಾರೆ.

ಅದೇ ವಾರ ಸುದ್ದಿ ಬಂತು. ಎರಡೂ ಊರಿಗೆ ಸೇರಿ ಒಬ್ಬ ಹೆರಿಗೆ ನರ್ಸನ್ನು ಕೊಡುತ್ತಾರೆ, ಯಾವ ಊರು ಹೆಚ್ಚು ಹಿಂದುಳಿದಿದೆಯೋ ಅವಳು ಅಲ್ಲಿಯೇ ಉಳಿಯುತ್ತಾಳೆ, ಅದನ್ನು ಅಳೆಯಲು ಸರ್ವೆಯವರು ಬರುತ್ತಾರೆ ಎಂದು. ಸುದ್ದಿ ತಂದವನು ಕತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಮೇಲೆ ಕೆಳಗೆ ಓಡಾಡುವವನು. ಯಾವ ಮಾತಿಗೂ ತನ್ನದೊಂದು ಸೇರಿಸದೆ ಬಿಡದ ಅವನಿಗೆ ಊರು ಇಟ್ಟ ಹೆಸರು ಒಗ್ಗರಣೆ.

"ನಲವತ್ತು ಪ್ರಶ್ನೆ ಅಂತೆ ಟೀಚರಮ್ಮ. ಇಲ್ಲ ಅಂದ್ರೆ ಮಾರ್ಕು, ಇದೆ ಅಂದ್ರೆ ಸೊನ್ನೆ. ನೀವು ನಮಗೆ ಪಾಠ ಮಾಡುವಾಗ ಈ ಪರೀಕ್ಷೆ ಇದ್ದಿದ್ರೆ ನಾನೇ ಫಸ್ಟ್ ಬರ್ತಿದ್ದೆ!"

"ಹಾಗಾದ್ರೆ ನಮಗೇ ಸಿಗುತ್ತೆ ಬಿಡು," ಎಂದೆ.

"ಸಿಗುತ್ತೆ, ಸಿಗುತ್ತೆ. ಕೆಳಗಿನೂರಿನವರು ಆಗಲೇ ತಯಾರಿ ಶುರು ಮಾಡಿದ್ದಾರೆ. ಆಸ್ಪತ್ರೆ ಬೆಂಚೆಲ್ಲ ಅಧ್ಯಕ್ಷರ ಕೊಟ್ಟಿಗೆ ಸೇರಿದೆ. ಮೂರು ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿದ್ದಾರೆ. ನೀರು ಕೇಳಿದ್ರೆ ಖಾಲಿ ಲೋಟ ತೋರಿಸಬೇಕು ಅಂತ ಟೀ ಅಂಗಡಿಯವನಿಗೂ ಹೇಳಿದ್ದಾರೆ."

"ಛೆ! ಬಂದವರಿಗೆ ನೀರೂ ಕೊಡಲ್ವಾ?"

ಅಲ್ಲಿಗೇ ನಮ್ಮ ಕಥೆ ಮುಗಿದಿತ್ತು, ನನಗೆ ತಿಳಿಯಲಿಲ್ಲ. ಆ ಸಂಜೆ ಆರೋಗ್ಯ ಕೊಠಡಿಯ ಮುಂದೆ ಎಲ್ಲರನ್ನೂ ಸೇರಿಸಿದವಳು ನಾನೇ. ಬಂದವರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳೋಣ, ಆದರೆ ಅವರನ್ನು ಧೂಳಿನಲ್ಲಿ ಕೂರಿಸುವುದು ಬೇಡ ಎಂದೆ. ನನ್ನ ಮುಂದೆ ಕೂತಿದ್ದವರಲ್ಲಿ ಮುಕ್ಕಾಲು ಪಾಲು ನನ್ನ ಹಳೆಯ ವಿದ್ಯಾರ್ಥಿಗಳು. ಉಗುರು ಕತ್ತರಿಸಿದ್ದೀರಾ ಎಂದು ಮೂವತ್ತು ವರ್ಷದ ಹಿಂದೆ ಕೇಳಿದ್ದನ್ನೇ ನೆನಪಿಟ್ಟುಕೊಂಡು ಇವತ್ತಿಗೂ ನನ್ನೆದುರು ಕೈ ಹಿಂದೆ ಕಟ್ಟುವವರು. ಯಾರೂ ಎದುರಾಡಲಿಲ್ಲ. ಒಗ್ಗರಣೆ ಮಾತ್ರ ಹಿಂದಿನಿಂದ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದ. ನಾನು ತಿರುಗಿ ನೋಡಿದ್ದಕ್ಕೆ ಅವನೂ ಕೈ ಹಿಂದೆ ಕಟ್ಟಿದ.

ಮೂರು ದಿನ ಊರು ಕೂರಲಿಲ್ಲ. ಆರೋಗ್ಯ ಕೊಠಡಿಯೊಳಗೆ ಯಾರ್ಯಾರೋ ಒಟ್ಟಿದ್ದ ಹುಲ್ಲು ಹೊರಗೆ ಬಂತು, ಗೋಡೆಗೆ ಸುಣ್ಣ ಬಿತ್ತು. ಮಂಚಕ್ಕೆ ನನ್ನ ತಮ್ಮ ಹೊಸ ಬಿಳಿ ಹೊದಿಕೆ ಹೊಲಿದು ಇಸ್ತ್ರಿ ಮಾಡಿ ಹಾಸಿದ. ಖಾಲಿ ಕಪಾಟು ಚೆನ್ನಾಗಿ ಕಾಣುವುದಿಲ್ಲವೆಂದು ಒಬ್ಬರು ಮನೆಯಲ್ಲಿದ್ದ ಜ್ವರದ ಮಾತ್ರೆ ತಂದಿಟ್ಟರು. ಅದನ್ನು ನೋಡಿ ಇನ್ನೊಬ್ಬರು ಕೆಮ್ಮಿನ ಔಷಧಿ ತಂದರು. ಮಂಡಿನೋವಿನ ನನ್ನ ಮುಲಾಮೂ ಅಲ್ಲಿಗೆ ಸೇರಿತು. ಬಂದವರು ಕೈ ತೊಳೆಯಬೇಕಲ್ಲ, ಅದಕ್ಕೆ ಅರ್ಧ ಗಂಟೆ ದೂರದ ಒರತೆಯಿಂದ ಕೊಡ ಕೊಡವಾಗಿ ನೀರು ಹೊತ್ತು ತೊಟ್ಟಿ ತುಂಬಿಸಿದರು. ನನ್ನ ಮಂಡಿಗೆ ಕೊಡ ಆಗದು, ಒಂದು ತಂಬಿಗೆ ತಂದು ಸುರಿದೆ. ಕತ್ತೆಯವನಿಗೆ ಬೆಳಗ್ಗೆಯೇ ಕೆಳಗೆ ಹೋಗಿ ಸರ್ವೆಯವರನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಬಾ ಎಂದು ಹೇಳಿದವಳೂ ನಾನೇ.

ಬಂದದ್ದು ಒಬ್ಬಳೇ ಹುಡುಗಿ. ಇಪ್ಪತ್ತೈದಿರಬಹುದು. ಕೈಯಲ್ಲಿ ಕಾಗದದ ಹಲಗೆ, ಕೊರಳಲ್ಲಿ ಗುರುತಿನ ಚೀಟಿ. ಕತ್ತೆಯಿಂದ ಇಳಿದವಳು ಮೊದಲು ಅದರ ಕತ್ತು ಸವರಿ, ಆಮೇಲೆ ಗಡಿಯಾರ ನೋಡಿದಳು.

"ಒಂದು ಗಂಟೆ ಐವತ್ತು ನಿಮಿಷ," ಎಂದು ಬರೆದುಕೊಂಡಳು. "ಎರಡು ಗಂಟೆ ಮೀರಿದ್ರೆ ಐದು ಅಂಕ ಇತ್ತು."

ಒಗ್ಗರಣೆ ನನ್ನ ಕಡೆ ನೋಡಿದ. "ನಡೆದ್ರೆ ಎರಡೂವರೆ ಆಗುತ್ತೆ ಮೇಡಂ, ಬೇಕಾದ್ರೆ ಇಳಿದು ಇನ್ನೊಂದು ಸಲ ಹತ್ತೋಣ," ಎಂದ.

ಅವಳು ನಕ್ಕಳು. "ನಾನು ಕಂಡದ್ದನ್ನು ಮಾತ್ರ ಬರೆಯಬೇಕು ಅಣ್ಣ, ಕೇಳಿದ್ದನ್ನ ಬರೆಯೋ ಹಾಗಿಲ್ಲ. ಊರಿನವರು ಸುಳ್ಳು ಹೇಳ್ತಾರೆ ಅಂತ ಈ ಸಲ ಹೊಸ ನಿಯಮ."

ಅವಳನ್ನು ಆರೋಗ್ಯ ಕೊಠಡಿಗೆ ಕರೆದೊಯ್ದೆವು. ಕೂರಿಸಲು ಹೋದಾಗ ಅಲ್ಲಿ ಕುರ್ಚಿಯೇ ಇರಲಿಲ್ಲ. ತಮ್ಮ ಓಡಿಹೋಗಿ ಅಂಗಡಿಯ ಕುರ್ಚಿ ತಂದ. ಬಿದಿರು ಬಿಚ್ಚಿ, ಒಗೆದ ಬಟ್ಟೆ ಹಾಸಿ, ಕೂತ್ಕೊಳ್ಳಿ ಮೇಡಂ ಎಂದ. ಅವಳು ಕೂತಳು. ಬೆಟ್ಟ ಹತ್ತಿದ ಆಯಾಸ ಕತ್ತೆಗೆ ಮಾತ್ರವಲ್ಲ, ಅವಳಿಗೂ ಇತ್ತು. ಹಿಂದಕ್ಕೆ ಒರಗಿ ಒಂದು ನಿಮಿಷ ಕಣ್ಣು ಮುಚ್ಚಿದಳು.

ಪ್ರಶ್ನೆಗಳು ಶುರುವಾದವು. ಕೊಠಡಿ ಇದೆಯೇ? ಇದೆ. ಶುಚಿಯಾಗಿದೆಯೇ? ನೋಡಿದಳು, ಇದೆ. ಮಂಚ, ಹೊದಿಕೆ? ಇದೆ. ಪ್ರಾಥಮಿಕ ಔಷಧಿ? ಕಪಾಟು ನೋಡಿ, ನನ್ನ ಮುಲಾಮಿನ ಡಬ್ಬಿಯನ್ನು ಕೈಗೆತ್ತಿಕೊಂಡು ಮತ್ತೆ ಅದೇ ಜಾಗದಲ್ಲಿಟ್ಟಳು. ಹೊರಗೆ ಹೋಗಿ ನಲ್ಲಿ ತಿರುಗಿಸಿದಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಅದು ಕೆಮ್ಮಿ, ನೀರು ಬಿಟ್ಟಿತು. ನೀರಿನ ಜೊತೆ ಒಂದು ಪಾಚಿಯ ಎಳೆಯೂ ಅವಳ ಅಂಗೈಗೆ ಬಿತ್ತು.

"ಇದನ್ನ ನಾವೇ ಹೊತ್ತು ತುಂಬಿಸಿದ್ದು ಕಣಮ್ಮಾ," ಎಂದೆ. ಸುಳ್ಳು ಹೇಳಬಾರದು ಎಂದು ಕಲಿಸಿದವಳು ನಾನು.

ಅವಳು ಹಲಗೆ ನನ್ನ ಕಡೆ ತಿರುಗಿಸಿದಳು. "ನೋಡಿ ಟೀಚರ್. ನಲ್ಲಿಯಲ್ಲಿ ನೀರು ಬರುತ್ತದೆಯೇ, ಹೌದು ಅಥವಾ ಇಲ್ಲ. ಅದು ಎಲ್ಲಿಂದ ಬಂತು ಅಂತ ಕೇಳೋ ಕಾಲಮ್ಮೇ ಇಲ್ಲ." ಬೆರಳ ತುದಿ ಮಾತ್ರ ನೆನೆಸಿಕೊಂಡು ನಲ್ಲಿ ಬಿಗಿಯಾಗಿ ನಿಲ್ಲಿಸಿದಳು. ಒಂದು ಹನಿ ಇನ್ನೂ ಜಿನುಗುತ್ತಿತ್ತು. ತಿರುಗಿ ಬಂದು ಅದನ್ನೂ ನಿಲ್ಲಿಸಿದಳು.

ಕೊನೆಯ ಪ್ರಶ್ನೆ, ತುರ್ತು ರೋಗಿಗಳನ್ನು ಸಾಗಿಸುವ ವ್ಯವಸ್ಥೆ. ಅದಕ್ಕೆ ಹತ್ತು ಅಂಕ. ಅವಳು ಮತ್ತೆ ಕುರ್ಚಿಯಲ್ಲಿ ಕೂತು ತಮ್ಮನನ್ನು ಕೇಳಿದಳು. "ಏನಾದ್ರೂ ಇದೆಯಾ? ಇದೊಂದನ್ನ ಮಾತ್ರ ಕೇಳಿ ಬರೆಯಬಹುದು."

ತಮ್ಮನ ಕಣ್ಣು ಕುರ್ಚಿಯ ಕೈಯ ಮೇಲಿತ್ತು. ವರ್ಷಾನುಗಟ್ಟಲೆ ಹಗ್ಗ ಬಿಗಿದು ಅಲ್ಲಿ ಬೆರಳು ಕೂರುವಷ್ಟು ಆಳದ ಗೀರು ಬಿದ್ದಿದೆ. ಅವಳ ಬೆರಳು ಗೊತ್ತಿಲ್ಲದೆ ಅದರಲ್ಲೇ ಓಡಾಡುತ್ತಿತ್ತು.

"ವ್ಯವಸ್ಥೆ ಇದೆ ಮೇಡಂ," ಎಂದ.

ಅವಳು ಹೋದ ಮೇಲೆ ನಾನು ಅವನ ಮೇಲೆ ರೇಗಿದೆ. "ಇರೋದು ಇದೊಂದು ಕುರ್ಚಿ ಅಂತ ಹೇಳೋಕೆ ನಿನ್ನ ಬಾಯಿಗೇನಾಗಿತ್ತು?"

"ಅದರಲ್ಲೇ ಕೂತಿದ್ದಳಲ್ಲ ಅಕ್ಕಾ. ಸುಸ್ತಾಗಿ ಬಂದು ಕೂತವಳಿಗೆ, ಇದರಲ್ಲೇ ನನ್ನ ಹೆಂಡತಿ ಹೋದಳು ಅಂತ ಹೇಗೆ ಹೇಳ್ಲಿ? ಎದ್ದು ನಿಂತುಬಿಡ್ತಿದ್ದಳು ಪಾಪ."

ನನ್ನ ತಮ್ಮನಿಗೆ ಒಳ್ಳೆಯ ನಡತೆ ಕಲಿಸಿದವಳೂ ನಾನೇ.

ಎರಡು ತಿಂಗಳಾದ ಮೇಲೆ ಫಲಿತಾಂಶ ಬಂತು. ಕೆಳಗಿನೂರಿಗೆ ಐವತ್ತೆರಡು, ನಮಗೆ ನಲವತ್ತೊಂಬತ್ತು. ಕತ್ತೆಯ ಮೇಲಿನ ಹತ್ತು ನಿಮಿಷಕ್ಕೆ ಐದು ಅಂಕ ಹೋಗದಿದ್ದರೆ ಅದೊಂದರಲ್ಲೇ ಗೆದ್ದಿರುತ್ತಿದ್ದೆವು. ಹೊಸ ನರ್ಸು ಕೆಳಗಿನೂರಿಗೆ ಬಂದಳು. ಅಲ್ಲಿ ಮೊದಲೇ ಒಬ್ಬಳಿದ್ದಳಲ್ಲ. "ಒಬ್ಬರಿಗೊಬ್ಬರು ಬಿಪಿ ನೋಡ್ಕೊಂಡು ಕೂತಿರ್ತಾರೆ, ಇಬ್ಬರದೂ ನಾರ್ಮಲ್ಲಂತೆ," ಎಂದ ಒಗ್ಗರಣೆ.

ನಮ್ಮನ್ನು ಬರಿಗೈಯಲ್ಲಿ ಬಿಟ್ಟಿರಲಿಲ್ಲ. ಹೊರಗಿನವರ ನೆರವಿಲ್ಲದೆ ಸೌಲಭ್ಯಗಳನ್ನು ಇಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಕ್ಕೆ ಮೇಲಿನೂರನ್ನು ಸ್ವಾವಲಂಬಿ ಮಾದರಿ ಗ್ರಾಮವೆಂದು ಘೋಷಿಸಿ, ಚೌಕಟ್ಟು ಹಾಕಿದ ಪ್ರಶಸ್ತಿ ಪತ್ರ ಕಳಿಸಿದ್ದರು. ಕತ್ತೆಯ ಬೆನ್ನಿನ ಮೇಲೆ ಬಂತು. ಗಾಜು ಒಡೆದಿರಲಿಲ್ಲ.

ಆ ದಿನ ತಮ್ಮನ ಮಗಳು, ನನ್ನ ಸೊಸೆ, ಮನೆಗೆ ಬಂದಿದ್ದಳು. ಆರು ತಿಂಗಳ ಹೊಟ್ಟೆ. ಗಂಡ ದೂರದ ಮರದ ಮಿಲ್ಲಿನಲ್ಲಿ ಕೆಲಸ ಮಾಡುವುದರಿಂದ ಅವಳು ತವರಿನಲ್ಲೇ ಇದ್ದಳು. ಕೆಳಗಿನೂರಿನಲ್ಲಿ ಯಾರದಾದರೂ ಮನೆಯಲ್ಲಿ ಒಂದು ತಿಂಗಳು ಉಳಿಸೋಣವೆಂದರೆ, ನಂಟರಿಲ್ಲದ ಊರಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಆಸ್ಪತ್ರೆಯಲ್ಲಿ ನೋವು ಶುರುವಾದ ಮೇಲೆಯೇ ಸೇರಿಸಿಕೊಳ್ಳುವುದು.

"ಅತ್ತೆ, ನನಗೇನೂ ಭಯ ಇಲ್ಲ," ಎಂದಳು ಅವಳು. "ಅಪ್ಪನಿಗೇ ಭಯ. ಮೊನ್ನೆ ಬಿದಿರು ಹಳೇದಾಗಿದೆ ಅಂತ ಹೊಸ ಬಿದಿರು ಕಡಿದು ತಂದಿದ್ದಾರೆ. ನಾನು ನೋಡಬಾರದು ಅಂತ ಬಟ್ಟೆ ಥಾನಿನ ಹಿಂದೆ ಬಚ್ಚಿಟ್ಟಿದ್ದಾರೆ."

ಅವಳನ್ನು ಕಳಿಸಿ ಪ್ರಶಸ್ತಿ ಪತ್ರದ ಜೊತೆ ಬಂದಿದ್ದ ಪುಸ್ತಿಕೆ ತೆರೆದೆ. ಮಾದರಿ ಗ್ರಾಮಗಳ ಹಕ್ಕು ಮತ್ತು ಕರ್ತವ್ಯ ಎಂಬ ಎಂಬತ್ತು ಪುಟದ ಪುಸ್ತಿಕೆ. ಯಾರೂ ಓದದ ಜಾತಿಯದು. ಆದರೆ ಅರವತ್ತೆರಡನೆಯ ಪುಟದ ಮೂಲೆ ಯಾರೋ ಮಡಚಿದ್ದರು. ತರಬೇತಿ ಸಂಸ್ಥೆಗಳು ತಮ್ಮ ವಿದ್ಯಾರ್ಥಿಗಳನ್ನು ಮಾದರಿ ಗ್ರಾಮಗಳಿಗೆ ಹತ್ತು ದಿನದ ಅಧ್ಯಯನ ಪ್ರವಾಸಕ್ಕೆ ಕಳಿಸತಕ್ಕದ್ದು, ದಿನಾಂಕ ಸೂಚಿಸುವ ಅಧಿಕಾರ ಗ್ರಾಮದ್ದು ಎಂದಿತ್ತು. ಸಂಸ್ಥೆಗಳ ಪಟ್ಟಿಯಲ್ಲಿ ನರ್ಸಿಂಗ್ ಶಾಲೆಯ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಚುಕ್ಕೆ.

ಸರ್ವೆಗೆ ಬಂದಿದ್ದ ಆ ಹುಡುಗಿಯದೇ ಕೆಲಸ ಎಂದು ಆಣೆ ಮಾಡಿ ಹೇಳಲಾರೆ. ಪೆನ್ಸಿಲು ಹಿಡಿಯುವವರು ಕಚೇರಿಯಲ್ಲಿ ನೂರು ಜನ ಇರುತ್ತಾರೆ. ಆದರೆ ಜಿನುಗುವ ಹನಿಯನ್ನು ತಿರುಗಿ ಬಂದು ನಿಲ್ಲಿಸುವವರು ಎಷ್ಟು ಜನ ಇರುತ್ತಾರೆ?

ತಮ್ಮನನ್ನು ಕರೆದು ದಿನ ಲೆಕ್ಕ ಹಾಕಿಸಿದೆ. ಅವನು ಕ್ಯಾಲೆಂಡರ್ ನೋಡಲಿಲ್ಲ, ಅಳತೆ ಟೇಪು ನೆನೆಸಿಕೊಂಡ. ಹೊಲಿಗೆ ಇಷ್ಟು ಬಿಟ್ಟಿದ್ದೇನೆ, ಇನ್ನಿಷ್ಟು ಬಿಡಬೇಕು ಎಂದು ಗೊಣಗಿ ಒಂದು ವಾರ ಹೇಳಿದ. ನಾನು ನರ್ಸಿಂಗ್ ಶಾಲೆಗೆ ಕಾಗದ ಬರೆದೆ. ನಮ್ಮ ಮಾದರಿ ಆರೋಗ್ಯ ಕೊಠಡಿಯನ್ನು ಅಭ್ಯಸಿಸಲು ಆ ವಾರವೇ ಅತ್ಯಂತ ಪ್ರಶಸ್ತವಾದ ಕಾಲ ಎಂದು ಶುದ್ಧ ಭಾಷೆಯಲ್ಲಿ ವಿವರಿಸಿದೆ.

ಅವರು ಬಂದರು. ಹದಿನಾಲ್ಕು ಜನ ವಿದ್ಯಾರ್ಥಿನಿಯರು, ಜೊತೆಗೆ ಅವರ ಟ್ಯೂಟರ್, ಐವತ್ತು ದಾಟಿದ, ಮೆಲುದನಿಯ ಹೆಂಗಸು. ಒಬ್ಬ ನರ್ಸಿಗಾಗಿ ಹನ್ನೊಂದು ವರ್ಷ ಕಾದ ಊರಿಗೆ ಒಂದೇ ಬೆಳಗ್ಗೆ ಹದಿನೈದು ಜನ. ಎಲ್ಲರ ನಾಡಿ ನೋಡಿದ್ದಾಯಿತು, ನಾಲಿಗೆ ನೋಡಿದ್ದಾಯಿತು. ಎರಡನೇ ದಿನ ಅವರು ಒಗ್ಗರಣೆಯ ಬಿಪಿಯನ್ನು ಒಂಬತ್ತು ಸಲ ಅಳೆದರು. "ಸಾಕು ಬಿಡ್ರಮ್ಮಾ, ಇನ್ನೇನಿದ್ರೂ ಕತ್ತೆಗಳದ್ದು ನೋಡಿ," ಎಂದ. ಊರಿನ ಹೆಂಗಸರು ಸರದಿ ಮೇಲೆ ನೀರು ಹೊತ್ತು ತೊಟ್ಟಿ ತುಂಬಿಸುತ್ತಿದ್ದರು. ಮಾದರಿ ಗ್ರಾಮದ ನಲ್ಲಿ ಒಣಗುವ ಹಾಗಿರಲಿಲ್ಲ.

ಎಲ್ಲವೂ ಸರಿಯಾಗಿತ್ತು, ನನ್ನ ಸೊಸೆಯೊಬ್ಬಳನ್ನು ಬಿಟ್ಟು. ಐದನೇ ದಿನ ನೋವಿಲ್ಲ. ಎಂಟನೇ ದಿನ ಅವಳು ಬಾವಿಯ ಕಟ್ಟೆಯ ಮೇಲೆ ಕೂತು ವಿದ್ಯಾರ್ಥಿನಿಯರಿಗೆ ಕಸೂತಿ ಕಲಿಸುತ್ತಿದ್ದಳು. ಆ ಬಾವಿಯಲ್ಲಿ ನೀರಿಲ್ಲದಿದ್ದರೂ ಕೂರಲು ಒಳ್ಳೆಯ ಜಾಗ. ತಮ್ಮ ಮಾತ್ರ ಹೊಲಿಗೆ ಯಂತ್ರದ ಮುಂದೆ ಕೂತು ದಾರವಿಲ್ಲದ ಸೂಜಿಯಲ್ಲಿ ಹೊಲಿಯುತ್ತಿದ್ದ.

ಹತ್ತನೇ ದಿನ ಬೆಳಗ್ಗೆ ಚೀಲಗಳು ಕತ್ತೆಯ ಮೇಲೇರಿದವು. ಟ್ಯೂಟರ್ ಕೊನೆಯ ಬಾರಿ ಸೊಸೆಯ ಹೊಟ್ಟೆ ಮುಟ್ಟಿ ನೋಡಿದರು. ಹೊರಗೆ ಬಂದವರು ಅಂಗಡಿಯ ಮುಂದೆ ನಿಂತರು. ತಮ್ಮ ಹೊಸ ಬಿದಿರನ್ನು ಕುರ್ಚಿಗೆ ಹಿಡಿದು ಅಳತೆ ನೋಡುತ್ತಿದ್ದ. ಅವರು ಬರುವರೆಂದು ಎಣಿಸಿರಲಿಲ್ಲ, ಬಚ್ಚಿಡಲು ಹೊತ್ತು ಸಿಗಲಿಲ್ಲ.

"ಇದೇನು ಟೈಲರಣ್ಣ?"

ಈ ಸಲ ಅದರಲ್ಲಿ ಯಾರೂ ಕೂತಿರಲಿಲ್ಲ. ಅವನು ಹೇಳಿದ. ಎಲ್ಲವನ್ನೂ, ಆಲದ ಮರ ಕಾಣುವ ತಿರುವಿನವರೆಗೂ.

ಟ್ಯೂಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಅಂಗಳಕ್ಕೆ ಬಂದು ವಿದ್ಯಾರ್ಥಿನಿಯರ ಮೇಲೆ ಇದ್ದಕ್ಕಿದ್ದಂತೆ ಗದರಿದರು. "ಊರಲ್ಲಿ ಎಷ್ಟು ಮನೆ ಬರೆದಿದ್ದೀರಿ?"

"ನಲವತ್ಮೂರು ಮೇಡಂ."

"ನನಗೆ ಅನುಮಾನ ಇದೆ. ಚೀಲ ಇಳಿಸಿ. ಮೊದಲಿಂದ ಎಣಿಸಿ."

ಆ ದಿನ ಎಣಿಸಿದರು, ನಲವತ್ತಮೂರೇ ಇತ್ತು. ಮಾರನೆಯ ದಿನ ಬಾಗಿಲುಗಳನ್ನು ಎಣಿಸಲು ಹೇಳಿದರು. ಹನ್ನೆರಡನೆಯ ದಿನ ಕಿಟಕಿಗಳ ಸರದಿ. ಹುಡುಗಿಯರು ಎಪ್ಪತ್ತೊಂದನೆಯ ಕಿಟಕಿಯ ಬಳಿ ಇದ್ದಾಗ ಸೊಸೆಗೆ ನೋವು ಬಂತು.

ಮಧ್ಯಾಹ್ನ ಮೂರಕ್ಕೆ ಹೆಣ್ಣುಮಗು ಹುಟ್ಟಿತು. ಹಿಂದೆಯೇ ಸೊಸೆಗೆ, ಅವಳ ತಾಯಿಗೆ ಆದಂತೆಯೇ, ರಕ್ತ ಹರಿಯಲು ಶುರುವಾಯಿತು. ಟ್ಯೂಟರ್ ಧ್ವನಿ ಏರಿಸಲಿಲ್ಲ. ಸೂಜಿಮದ್ದು ಕೇಳಿದರು, ಹೊಟ್ಟೆ ಒತ್ತಿ ಹಿಡಿದರು, ಹುಡುಗಿಯರ ಹೆಸರು ಹಿಡಿದು ಒಂದೊಂದು ಕೆಲಸ ಹಂಚಿದರು. ತಮ್ಮ ಇಸ್ತ್ರಿ ಮಾಡಿದ ಬಿಳಿ ಹೊದಿಕೆ ಕೆಂಪಾಯಿತು. ಅವನು ಹೊರಗೆ ಕುರ್ಚಿಗೆ ಬಿದಿರು ಕಟ್ಟಿ, ಗಂಟು ಬಿಚ್ಚಿ, ಮತ್ತೆ ಕಟ್ಟುತ್ತಿದ್ದ. ನಾಲ್ಕು ಜನ ಹೊರುವವರು ಚಪ್ಪಲಿ ಹಾಕಿಕೊಂಡೇ ನಿಂತಿದ್ದರು. ನಲವತ್ತು ನಿಮಿಷವಾದ ಮೇಲೆ ಟ್ಯೂಟರ್ ಬಾಗಿಲಿಗೆ ಬಂದರು.

"ನಿಂತಿದೆ. ಮಗಳು ನೀರು ಕೇಳ್ತಿದ್ದಾಳೆ," ಎಂದರು. ನಂತರ ಅವನ ಕೈ ನೋಡಿ, "ಆ ಗಂಟು ಬಿಚ್ಚಿಬಿಡಿ ಅಣ್ಣ. ನನಗೆ ಕಾಲು ಸೋತಿದೆ, ಸ್ವಲ್ಪ ಕೂರಬೇಕು."

ಅವನು ಬಿಚ್ಚಿದ. ಅವರು ಕೂತರು. ಅವನು ಆಮೇಲೆ ಅತ್ತ, ಗೋಡೆಯ ಕಡೆ ತಿರುಗಿಕೊಂಡು. ಬಂದವರ ಮುಂದೆ ಅಳಬಾರದು ಎಂದು ಕಲಿಸಿದ್ದು ನನ್ನದೇ ತಪ್ಪು.

ಇದಾಗಿ ಮೂರು ವರ್ಷ. ಪ್ರತಿ ವರ್ಷ ಸರ್ವೆ ಬರುತ್ತದೆ. ಬೀಗ ಹಾಕಿ, ತೊಟ್ಟಿ ಖಾಲಿ ಬಿಟ್ಟರೆ ನರ್ಸು ಸಿಗಬಹುದೆಂದು ಮೊದಲ ವರ್ಷ ಸಭೆಯಲ್ಲಿ ಚರ್ಚೆಯಾಯಿತು. ಹಾಗೆ ಮಾಡಿದರೆ ಮಾದರಿ ಪಟ್ಟ ಅಂದೇ ಹೋಗುತ್ತದೆ, ಅಧ್ಯಯನ ಪ್ರವಾಸವೂ ಹೋಗುತ್ತದೆ, ನರ್ಸಿಗಾಗಿ ಆಗಲೇ ಅರವತ್ತು ಊರು ಸರದಿಯಲ್ಲಿವೆ ಎಂದು ತಿಳಿಯಿತು. ಆದ್ದರಿಂದ ಸುಣ್ಣ ಬಳಿಯುತ್ತೇವೆ, ನೀರು ಹೊರುತ್ತೇವೆ, ಯಾವ ಕೊರತೆಯೂ ಕಾಣದಂತೆ ನೋಡಿಕೊಳ್ಳುತ್ತೇವೆ. ಕಳೆದ ಸಲ ನಮಗೆ ಹದಿನೆಂಟು ಅಂಕ. "ಇನ್ನೆರಡು ವರ್ಷ ಹೀಗೇ ಮುಂದುವರಿದ್ರೆ ಸೊನ್ನೆ ಬರುತ್ತೆ. ಆಮೇಲೆ ನಮ್ಮಷ್ಟು ಮುಂದುವರಿದವರು ಯಾರೂ ಇಲ್ಲ," ಎನ್ನುತ್ತಾನೆ ಒಗ್ಗರಣೆ, ಕೊಡ ಇಳಿಸುತ್ತಾ.

ಮೊನ್ನೆ ಆರನೇ ತಂಡ ಬಂದು ಹೋಯಿತು. ಹೊರಡುವಾಗ ಟ್ಯೂಟರ್ ಯಾವಾಗಿನಂತೆ ಅಂಗಡಿಗೆ ಬಂದು, ಅದೇ ಕುರ್ಚಿಯಲ್ಲಿ ಕೂತು, ಡೈರಿ ತೆರೆದರು. ಸೊಸೆಯ ಮಗಳು ಅವರ ಕನ್ನಡಕ ಎಳೆಯುತ್ತಿದ್ದಳು.

"ಮುಂದಿನ ಅಧ್ಯಯನ ಯಾವಾಗ ಇಟ್ಟುಕೊಳ್ಳೋಣ ಟೈಲರಣ್ಣ?"

ತಮ್ಮ ಗೂಟಕ್ಕೆ ನೇತುಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಸರಿಸಿ ನೋಡಿದ.

"ಎರಡು ಸಡಿಲ ಮಾಡೋಕೆ ಬಂದಿವೆ," ಎಂದ. "ಒಂದು ವಾರ ಅಂತರ. ಮಧ್ಯದಲ್ಲಿ ಬರೆದುಕೊಳ್ಳಿ ಮೇಡಂ. ಕಿಟಕಿ ಎಣಿಸೋಕೆ ನಾಲ್ಕು ದಿನ ಜಾಸ್ತಿ ಇರಲಿ."